ಓದುಗರ ಸ್ಪಂದನ: ಇಗರ್ಜಿಯನ್ನೂ ಬಿಡಲಾರೆ, ನನ್ನನ್ನೂ ಮುಚ್ಚಿಡಲಾರೆ

ಕುಂದಾಪುರ ಕಡೆಯ 28 ವರ್ಷದ ಕೆಥೋಲಿಕ್ ಯುವಕರೊಬ್ಬರ ಪತ್ರಕ್ಕೆ ಬಂದ ಉತ್ತರಗಳಿವು. ಇಗರ್ಜಿಯ (ಚರ್ಚಿನ) ಗಾಯನ ಮಂಡಳಿಯಲ್ಲಿ ಹಾಡುವ ಅವರಿಗೆ ಒಲವು ಗಂಡಸರ ಮೇಲೆ. ಮಂಗಳೂರಿನಲ್ಲಿ ಆರು ವರ್ಷದ ಸಂಗಾತಿ ಇದ್ದಾರೆ. ಮನೆಯವರು ಹೆಣ್ಣು ನೋಡಿದ್ದಾರೆ, ನಿಶ್ಚಿತಾರ್ಥ ಇನ್ನೂ ಆಗಿಲ್ಲ. ವಿಷಯ ಗೊತ್ತಿರುವ ಚಿಕ್ಕಪ್ಪ 'ಧ್ಯಾನಕ್ಕೆ (ಪ್ರಾರ್ಥನಾ ಶಿಬಿರಕ್ಕೆ) ಹೋಗಿ ಬಾ, ಸರಿಹೋಗುತ್ತದೆ' ಎನ್ನುತ್ತಿದ್ದಾರೆ. ನಿದ್ದೆ ಹತ್ತುತ್ತಿಲ್ಲ ಎಂದು ಬರೆದಿದ್ದರು.

*

ಮಗಾ, ಮೊದಲು ಮದುವೆಯ ಮಾತು. ಉಳಿದದ್ದಕ್ಕೆಲ್ಲ ಸಮಯವಿದೆ, ಇದಕ್ಕಿಲ್ಲ. ಭಾನುವಾರದ ಪೂಜೆಯಲ್ಲಿ ಮದುವೆಯಾಗುವವರೆಂದು ಇಬ್ಬರ ಹೆಸರೂ ಓದಿ ಆದ ಮೇಲೆ ಹಿಂದೆ ಸರಿದರೆ ಊರು ಬಾಯಿಗೆ ಹಾಕಿಕೊಳ್ಳುವುದು ಆ ಹುಡುಗಿಯನ್ನು. ನಿಶ್ಚಿತಾರ್ಥಕ್ಕೆ ಮುಂಚೆಯೇ 'ನನಗೆ ಮದುವೆಗೆ ಮನಸ್ಸಿಲ್ಲ' ಎಂದು ಮನೆಯಲ್ಲಿ ಹೇಳು. ಕಾರಣ ಹೇಳಲೇಬೇಕೆಂದಿಲ್ಲ. ಆದರೆ 'ಸಾಲ ತೀರಲಿ, ಮನೆ ಕಟ್ಟಲಿ' ಎಂಬ ನೆಪ ಬೇಡ. ನೆಪ ತೀರಿದ ದಿನ ದಲ್ಲಾಳಿ ಮತ್ತೆ ಬಾಗಿಲಲ್ಲಿರುತ್ತಾನೆ.

ಅಷ್ಟಕ್ಕೂ ಒತ್ತಾಯ ನಿಲ್ಲದಿದ್ದರೆ ಮದುವೆಯ ವಿಚಾರಣೆ ಇದೆ. ಫಾದರ್ ಹುಡುಗನನ್ನೂ ಹುಡುಗಿಯನ್ನೂ ಬೇರೆಬೇರೆಯಾಗಿ ಕೂರಿಸಿ, ಸ್ವಂತ ಇಚ್ಛೆಯಿಂದ ಬಂದಿದ್ದೀರಾ ಎಂದು ಕೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿ 'ಇಲ್ಲ' ಎಂದರೆ ಅವರು ಮುಂದುವರಿಸುವಂತಿಲ್ಲ. ಒತ್ತಾಯದಿಂದ, ತೀವ್ರ ಭಯದಿಂದ ಆದ ಮದುವೆ ಮದುವೆಯೇ ಅಲ್ಲ ಎಂದು ಧರ್ಮಸಭೆಯ ಕಾನೂನಿನ 1103ನೇ ವಿಧಿ ಹೇಳುತ್ತದೆ. ಸಹಿ ಹಾಕಿ, ಆಮೇಲೆ ಬಿಡಿಸಿಕೊಳ್ಳಲು ಹೊರಟರೆ ಧರ್ಮಪ್ರಾಂತ್ಯದ ನ್ಯಾಯಮಂಡಳಿಗೂ ಅಲೆಯಬೇಕು, ಸರ್ಕಾರದ ಕೋರ್ಟಿಗೂ ಅಲೆಯಬೇಕು.

ಫಾದರ್ ಹತ್ತಿರ ಹೇಳಲು ಭಯ ಎಂದಿದ್ದೀಯ. ಎಲ್ಲಿ ಕೂತು ಹೇಳುತ್ತೀ ಎಂಬುದು ಮುಖ್ಯ. ಪಾಪನಿವೇದನೆಯಲ್ಲಿ ಹೇಳಿದ್ದಕ್ಕೆ ಅದೇ ಕಾನೂನಿನ 983ನೇ ವಿಧಿಯ ಗುಟ್ಟಿನ ಮುದ್ರೆಯಿದೆ. ಅದನ್ನು ನೇರವಾಗಿ ಹೊರಗೆ ಆಡಿದ ಗುರು ಆ ಕ್ಷಣವೇ ಬಹಿಷ್ಕಾರಕ್ಕೆ ಒಳಗಾಗುತ್ತಾನೆ. ಇಗರ್ಜಿಯ ಆಫೀಸಿನಲ್ಲಿ ಚಹಾ ಕುಡಿಯುತ್ತ ಹೇಳಿದ ಮಾತಿಗೆ ಆ ಮುದ್ರೆ ಇಲ್ಲ. ಎಡವುವುದು ಇಲ್ಲೇ. ನಿನ್ನೂರಿನ ಫಾದರೇ ಆಗಬೇಕೆಂದೂ ಇಲ್ಲ. ಜನವರಿಯಲ್ಲಿ ಕಾರ್ಕಳದ ಅತ್ತೂರು ಜಾತ್ರೆಗೆ ಹೋದರೆ ಪಾಪನಿವೇದನೆಯ ಸಾಲಿನಲ್ಲಿ ನಿಂತವರು ಯಾರು, ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ.

ಒಲವು ಇರುವುದೇ ಪಾಪವಲ್ಲ, ಅದನ್ನು ನಿವೇದಿಸಬೇಕಾಗಿಲ್ಲ. ಧರ್ಮೋಪದೇಶ ಗ್ರಂಥದ (ಕೆಥೋಲಿಕ್ ಬೋಧನೆಯ ಅಧಿಕೃತ ಪುಸ್ತಕದ) 2357ನೇ ಪರಿಚ್ಛೇದ ದೈಹಿಕ ಸಂಬಂಧವನ್ನು ಒಪ್ಪುವುದಿಲ್ಲ, ಅದನ್ನು ನಿನ್ನಿಂದ ಮುಚ್ಚಿಡಲಾರೆ. ಆದರೆ 2358 ನಿಮ್ಮಂಥವರನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯ ಕೂಡದು ಎನ್ನುತ್ತದೆ. ಗಾಯನ ಮಂಡಳಿಯಿಂದ ಬಿಡಿಸುವ ಮಾತು ಬಂದರೆ ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರರೊಡನೆ ವಾದಕ್ಕೆ ನಿಲ್ಲಬೇಡ. ನೇರ ವಿಗಾರರಿಗೆ (ಇಗರ್ಜಿಯ ಮುಖ್ಯ ಗುರುಗಳಿಗೆ) ಆ ಪುಟ ತೋರಿಸು.

— ನಿವೃತ್ತ ಧರ್ಮೋಪದೇಶ ಶಿಕ್ಷಕಿ, ಉಡುಪಿ

*

ಧ್ಯಾನ ಕೇಂದ್ರಕ್ಕೆ ಪ್ರಾರ್ಥನೆಗೆಂದು ಹೋಗುವುದಾದರೆ ಹೋಗಿ. 'ಇದನ್ನು ಬಿಡಿಸುತ್ತೇವೆ' ಎಂದು ಕರೆದರೆ ಹೋಗಬೇಡಿ. ಅದು ಬಿಡುವುದಿಲ್ಲ, ಬಿಡದಿದ್ದಾಗ 'ನಿನ್ನ ವಿಶ್ವಾಸ ಸಾಲದು' ಎನ್ನುತ್ತಾರೆ, ಉಪವಾಸ ಹೆಚ್ಚಿಸುತ್ತಾರೆ. ಮೊದಲೇ ನಿದ್ದೆಗೆಟ್ಟವರು ಕುಸಿಯುವುದು ಅಲ್ಲಿ. ಹೊರಡುವ ಮುಂಚೆ ಜಾಗದ ಹೆಸರು, ಮರಳುವ ದಿನ ಎರಡನ್ನೂ ಸಂಗಾತಿಗೆ ತಿಳಿಸಿರಿ. ಕೂಡಿಹಾಕಿ ಹೊರಗೆ ಬಿಡದಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನ ಅಪರಾಧ. 112ಕ್ಕೆ ಕರೆ ಮಾಡಿ.

ಡಾಕ್ಟರ ಬಳಿ ಕರೆದೊಯ್ದರೆ ಮೊದಲ ಭೇಟಿಯಲ್ಲೇ ಕೇಳಿ: 'ನನ್ನನ್ನು ಬದಲಾಯಿಸಲು ನೋಡುತ್ತೀರಾ, ನನ್ನ ಭಯಕ್ಕೆ ಸಹಾಯ ಮಾಡುತ್ತೀರಾ?' ಒಲವು ಬದಲಿಸುವ 'ಚಿಕಿತ್ಸೆ' ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ನಿದ್ದೆಯ ತೊಂದರೆಗೆ ಇವತ್ತೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಣ ಇಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮನೆಯೊಳಗಿಂದ ಬೇಡ, ತೋಟದ ಕಡೆ ಹೋಗಿ ಮಾತಾಡಿ. ಮುಗಿದ ಮೇಲೆ ನಂಬರ್ ಅಳಿಸಿ.

— ಆಪ್ತಸಮಾಲೋಚಕ, ಮಂಗಳೂರು

*

ಚಿಕ್ಕಪ್ಪನವರು ಸೊದೋಮಿನ ಕಥೆ ಎತ್ತುತ್ತಾರೆ ಎಂದಿದ್ದೀರಿ. ಆದಿಕಾಂಡ 19ರಲ್ಲಿ ಊರಿನ ಗಂಡಸರು ಮನೆಗೆ ಬಂದ ಅತಿಥಿಗಳ ಮೇಲೆ ಬಲಾತ್ಕಾರಕ್ಕೆ ಮುತ್ತುತ್ತಾರೆ. ಇಬ್ಬರ ಪ್ರೀತಿಯ ಮಾತೇ ಅಲ್ಲಿಲ್ಲ. ಸೊದೋಮಿನ ದೋಷ ಯಾವುದು ಎಂದು ಯೆಹೆಜ್ಕೇಲ 16:49 ಬಿಡಿಸಿ ಹೇಳುತ್ತದೆ: ಗರ್ವ, ಹೊಟ್ಟೆ ತುಂಬಿದ ಸುಖ, ಬಡವರಿಗೆ ಕೈ ನೀಡದಿದ್ದದ್ದು. ಗಂಡಸರ ನಡುವಿನ ಸಂಬಂಧ ಕೂಡದೆನ್ನುವ ಯಾಜಕಕಾಂಡ 18:22 ಕಠಿಣವಾಗಿಯೇ ಇದೆ. ಅದರ ಮುಂದಿನ ಅಧ್ಯಾಯ ಎರಡು ಬಗೆಯ ನೂಲು ಬೆರೆಸಿದ ಬಟ್ಟೆಯನ್ನೂ ನಿಷೇಧಿಸುತ್ತದೆ. ಇಂಥದ್ದನ್ನೇ ಖಂಡಿಸುವ ರೋಮಾ 1 ಓದುವವರು, ಇನ್ನೊಬ್ಬರಿಗೆ ತೀರ್ಪು ಕೊಡುವವರನ್ನೇ ತಪ್ಪಿತಸ್ಥರೆನ್ನುವ 2:1ಕ್ಕೆ ಮೊದಲು ನಿಲ್ಲಿಸಬಾರದು. ನೀವು ಒಬ್ಬರೇ ಇರುವಾಗ ಧರ್ಮೋಪದೇಶಕಾಂಡ 23:1, ಯೆಶಾಯ 56:3-5, ಅಪೊಸ್ತಲರ ಕೃತ್ಯಗಳು 8:26-39, ಈ ಮೂರನ್ನು ಇದೇ ಕ್ರಮದಲ್ಲಿ ಓದಿ. ಮೊದಲನೆಯದು ನಪುಂಸಕರನ್ನು ಸಭೆಯಿಂದ ಹೊರಗಿಡುತ್ತದೆ, ಎರಡನೆಯದು ಅವರಿಗೆ ದೇವಾಲಯದಲ್ಲಿ ಹೆಸರು ಕೊಡುತ್ತದೆ, ಮೂರನೆಯದರಲ್ಲಿ ಐಥಿಯೋಪ್ಯದ ಕಂಚುಕಿ (ಅರಮನೆಯ ನಪುಂಸಕ ಅಧಿಕಾರಿ) ದಾರಿಬದಿಯ ನೀರಿನಲ್ಲೇ ದೀಕ್ಷಾಸ್ನಾನ ಪಡೆಯುತ್ತಾನೆ. ವಾಳೆಯ ಕೂಟದಲ್ಲಿ ಮಾತ್ರ ಈ ಚರ್ಚೆ ಎತ್ತಬೇಡಿ. ಅಲ್ಲಿ ವಚನಕ್ಕೆ ಪ್ರತಿವಚನ ಹುಟ್ಟುತ್ತದೆ, ನೀವು ಒಂಟಿಯಾಗುತ್ತೀರಿ.

— ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸದಸ್ಯ, ಧಾರವಾಡ

*

ಸಂಗಾತಿಯ ವಿಷಯ ಯಾರೂ ಬರೆದಿರಲಾರರು, ಆದ್ದರಿಂದ ಇಷ್ಟು. 2018ರ ಸೆಪ್ಟೆಂಬರ್ 6ರಿಂದ ನಿಮ್ಮಿಬ್ಬರ ಸಂಬಂಧ ಅಪರಾಧವಲ್ಲ. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮದುವೆಯ ಹಕ್ಕು ಕೊಡಲಿಲ್ಲ. ಹಾಗಾಗಿ ಕಾಗದ ಪತ್ರ ಮುಖ್ಯ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನಾಮಿನಿ ಎಂದ ಮಾತ್ರಕ್ಕೆ ಹಣ ಅವರದಾಗುವುದಿಲ್ಲ, ವಾರಸುದಾರರು ಕೇಳಬಹುದು. ಅದಕ್ಕೇ ವಿಲ್ ಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಸಂಗಾತಿಯನ್ನೇ ಸಾಕ್ಷಿ ಮಾಡಬೇಡಿ, ಅವರಿಗೆ ಬರೆದಿಟ್ಟದ್ದು ನಿಲ್ಲುವುದಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇನ್ನೊಂದು: ವಿಲ್ ಬರೆದ ಮೇಲೆ ಒತ್ತಾಯಕ್ಕೆ ಮಣಿದು ಬೇರೆ ಮದುವೆಯಾದರೆ, ಅದೇ ಕಾಯ್ದೆಯ 69ನೇ ಕಲಮಿನಂತೆ ಆ ವಿಲ್ ತಾನಾಗಿಯೇ ರದ್ದಾಗುತ್ತದೆ.

— ವಕೀಲೆ, ಬೆಂಗಳೂರು