ಗ್ಲೌಸ್‌ನಲ್ಲಿ ತೂತಿಲ್ಲ ಅಂದ್ರೆ ಸಾಕಾ?

ಪ್ರಶ್ನೆ:
ನನ್ನ ತಮ್ಮ ರಾಯಚೂರಿನ ಒಂದು ಫ್ಯಾಕ್ಟರಿಯಲ್ಲಿ ಟಾಲ್ವೀನ್ (ಥಿನ್ನರ್ ಥರದ ಕೆಮಿಕಲ್) ಡ್ರಮ್ ಖಾಲಿ ಮಾಡುತ್ತಾನೆ. ಹಸಿರು ನೈಟ್ರೈಲ್ ರಬ್ಬರ್ ಗ್ಲೌಸ್ ಕೊಟ್ಟಿದ್ದಾರೆ. ಅದರ ಮೇಲೆ ಜೆ, ಕೆ, ಎಲ್ ಅಂತ ಅಕ್ಷರಗಳಿವೆ. ಸೂಪರ್‌ವೈಸರ್ ಒಳಗೆ ನೀರು ತುಂಬಿಸಿ, ಸೋರಲಿಲ್ಲ, ಸರಿಯಿದೆ ಅಂದರಂತೆ. ಆದರೂ ಸಂಜೆ ಅವನ ಕೈಗೆ ಅದೇ ವಾಸನೆ. ನನಗೆ ತುಂಬಾ ಭಯ ಆಗುತ್ತಿದೆ.

ಉತ್ತರ 1:
ಅಕ್ಕಾ, ನೀರಿನ ಪರೀಕ್ಷೆ ಸಾಕಾಗಲ್ಲ. ನಾನು ಲ್ಯಾಬ್‌ನಲ್ಲಿ ಮಾಡುವ ಕೆಲಸವೇ ಇದು. ನೀರು ತೂತನ್ನು ಮಾತ್ರ ತೋರಿಸುತ್ತದೆ. ಕೆಮಿಕಲ್ ಹಾಗಲ್ಲ, ತೂತೇ ಇಲ್ಲದ ರಬ್ಬರ್ ಒಳಗೂ ಅಣು ಅಣುವಾಗಿ ನುಸುಳುತ್ತದೆ. ಕಣ್ಣಿಗೆ ಕಾಣಲ್ಲ.

ನಾವು ಗ್ಲೌಸ್‌ನಿಂದ ಒಂದು ತುಂಡು ಕತ್ತರಿಸಿ, ಎರಡು ಸಣ್ಣ ಕೋಣೆಗಳ ನಡುವೆ ಬಿಗಿಯುತ್ತೇವೆ. ಒಂದು ಕಡೆ ಕೆಮಿಕಲ್. ಇನ್ನೊಂದು ಕಡೆ ಹರಿಯುವ ಗಾಳಿಯನ್ನು ಯಂತ್ರ ಅಳೆಯುತ್ತಿರುತ್ತದೆ. ನಿಮಿಷಕ್ಕೆ ಒಂದು ಚದರ ಸೆಂ.ಮೀ.ನಲ್ಲಿ 1 ಮೈಕ್ರೋಗ್ರಾಂ ದಾಟಿದ ಗಳಿಗೆಗೆ ಕೆಮಿಕಲ್ ನುಸುಳಿತು ಅಂತ ಲೆಕ್ಕ. ಗ್ಲೌಸ್ ಮೇಲಿನ ಅಕ್ಷರ, ಅದು ಯಾವ ಕೆಮಿಕಲ್ ತಡೆಯುತ್ತದೆ ಅಂತ ಹೇಳುತ್ತದೆ. ಐಎಸ್‌ಒ 374 ಅನ್ನೋ ಗ್ಲೌಸ್ ಮಾನದಂಡದ ಪ್ರಕಾರ ಜೆ ಅಂದ್ರೆ ಹೆಪ್ಟೇನ್, ಕೆ ಕಾಸ್ಟಿಕ್ ಸೋಡಾ, ಎಲ್ ಸಲ್ಫ್ಯೂರಿಕ್ ಆಸಿಡ್. ಟಾಲ್ವೀನ್‌ಗೆ ಎಫ್. ಅದು ನಿಮ್ಮ ತಮ್ಮನ ಗ್ಲೌಸ್ ಮೇಲೆ ಇಲ್ಲವೇ ಇಲ್ಲ! ದಯವಿಟ್ಟು ನಾಳೆಯೇ ಬದಲಾಯಿಸಲು ಹೇಳಿ.

ಉತ್ತರ 2:
ಇನ್ನೊಂದು ಮಾತು. ಆ ಪರೀಕ್ಷೆ ಮಾಡುವುದು 23 ಡಿಗ್ರಿಯಲ್ಲಿ. ನಮ್ಮ ಬಳ್ಳಾರಿ, ರಾಯಚೂರಲ್ಲಿ ಬೇಸಿಗೆ 40 ದಾಟುತ್ತೆ, ಅಲ್ವಾ? ಬಿಸಿ ಜಾಸ್ತಿಯಾದಷ್ಟೂ ಬೇಗ ನುಸುಳುತ್ತದೆ. ಯಾವ ಕೆಮಿಕಲ್ ಎಷ್ಟು ಹೊತ್ತಿಗೆ ನುಸುಳುತ್ತೆ ಅಂತ ಗ್ಲೌಸ್ ಕಂಪನಿಯ ಚಾರ್ಟ್‌ನಲ್ಲಿರುವ ನಿಮಿಷಗಳನ್ನು ಪೂರ್ತಿ ನಂಬಬೇಡಿ. ಟಾಲ್ವೀನ್‌ಗೆ ವೈಟಾನ್ (ಒಂದು ವಿಶೇಷ ರಬ್ಬರ್) ಅಥವಾ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್, ಒಂದು ಬಗೆಯ ಪ್ಲಾಸ್ಟಿಕ್) ಗ್ಲೌಸ್ ಕೇಳಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯಿತು. ಪಿವಿಎ ಹಾಕಿಕೊಂಡೇ ಡ್ರಮ್ ತೊಳೆಯಬಹುದಾ?

ಉತ್ತರ 1:
ಬೇಡ ಅಕ್ಕಾ, ಪಿವಿಎ ನೀರಲ್ಲಿ ಕರಗುತ್ತದೆ. ತೊಳೆಯುವುದಿದ್ದರೆ ವೈಟಾನ್ ಕೇಳಿ.