ಸ್ಟೀರಿಂಗ್ ವೀಲ್ ಯಾವುದು ತಗೊಳ್ಳೋದು? ರಿಪೇರಿ ಮೇಷ್ಟ್ರನ್ನೇ ಕೇಳಿ: ಪ್ರಶ್ನೋತ್ತರ

ಅಡ್ಮಿನ್: ಈ ವಾರ ನಮ್ಮ ಮೇಷ್ಟ್ರು ಉತ್ತರ ಕೊಡುತ್ತಾರೆ. ಬೆಂಗಳೂರಲ್ಲಿ ಗೇಮಿಂಗ್ ಸ್ಟೀರಿಂಗ್, ಪೆಡಲ್ ರಿಪೇರಿ ಮಾಡೋದು, ರಿಗ್ (ಸೀಟು, ವೀಲ್, ಪೆಡಲ್ ಕೂರಿಸುವ ಚೌಕಟ್ಟು) ಕಟ್ಟಿಕೊಡೋದು ಅವರ ಕಸುಬು. ಪಿಸಿನಾ ಕನ್ಸೋಲಾ, ಯಾವ ಗೇಮ್, ಬಜೆಟ್ ಎಷ್ಟು ಅಂತ ಬರೆದು ಕೇಳಿ. ಸುಮ್ನೆ "ಬೆಸ್ಟ್ ಯಾವುದು" ಅನ್ನಬೇಡಿ.

ಮಂಡ್ಯ ಡ್ರಿಫ್ಟ್: ಪಿಸಿ, ಅಸೆಟ್ಟೊ ಕೊರ್ಸಾ ರೇಸ್ ಗೇಮ್, ಬಜೆಟ್ 5,000. "270 ಡಿಗ್ರಿ, ಡ್ಯುಯಲ್ ವೈಬ್ರೇಶನ್, ಫೋರ್ಸ್ ಫೀಡ್‌ಬ್ಯಾಕ್" ಅಂತ ಆನ್‌ಲೈನಲ್ಲಿ ಒಂದು ನೋಡಿದೆ. ತಗೊಳ್ಳಲಾ ಸರ್?

ಮೇಷ್ಟ್ರು: ಬೇಡ. ವೈಬ್ರೇಶನ್ ಬೇರೆ, ಫೋರ್ಸ್ ಫೀಡ್‌ಬ್ಯಾಕ್ ಬೇರೆ. ಮೊದಲನೆಯದು ಬರೀ ನಡುಕ, ಎರಡನೆಯದರಲ್ಲಿ ಮೋಟಾರ್ ವೀಲನ್ನೇ ಎಳೆದು ಟೈರಿನ ಹಿಡಿತ ಕೈಗೆ ತಿಳಿಸುತ್ತೆ. ಆ ವೀಲ್ ಮಧ್ಯಕ್ಕೆ ವಾಪಸ್ ಬರೋದು ಸ್ಪ್ರಿಂಗ್‌ನಿಂದ ಅಥವಾ ರಬ್ಬರ್ ಪಟ್ಟಿಯಿಂದ. ಮುಂದಿನ ಟೈರ್ ಹಿಡಿತ ತಪ್ಪಿದ್ದು ಕೈಗೆ ಗೊತ್ತಾಗೋದೇ ಇಲ್ಲ. ಬಾಕ್ಸ್‌ನಲ್ಲಿ ಗೋಡೆ ಪ್ಲಗ್‌ಗೆ ಹಾಕುವ ಪವರ್ ಅಡಾಪ್ಟರ್ ಇದೆಯಾ ಅಂತ ನೋಡಿ, ಅಷ್ಟರಲ್ಲೇ ತಿಳಿಯುತ್ತೆ. ಯುಎಸ್‌ಬಿ 2.0 ಪೋರ್ಟ್ ಕೊಡೋದು 5 ವೋಲ್ಟ್, 500 ಮಿಲಿ ಆಂಪ್, ಅಂದರೆ ಎರಡೂವರೆ ವ್ಯಾಟ್. ಅಷ್ಟರಲ್ಲಿ ನಿಮ್ಮ ಎರಡು ಕೈಗೆ ಎದುರು ನಿಲ್ಲುವ ಮೋಟಾರ್ ಓಡಲ್ಲ. ಸದ್ಯಕ್ಕೆ ಒಳ್ಳೆ ಗೇಮ್‌ಪ್ಯಾಡ್ ತಗೊಳ್ಳಿ, ಉಳಿದದ್ದು ಕೂಡಿಡಿ.

ಟ್ರಕ್ ಪಾಪಣ್ಣ: ಯೂರೋ ಟ್ರಕ್ ಸಿಮ್ಯುಲೇಟರ್ 2 ಮಾತ್ರ ಆಡೋದು. ನಮ್ಮ ಕೆಂಪು ಬಸ್ಸಿನ ಮಾಡ್ (ಗೇಮ್‌ಗೆ ಹೊರಗಿನಿಂದ ಸೇರಿಸುವ ಫೈಲ್) ಹಾಕಿಕೊಂಡಿದ್ದೇನೆ. ಲಾಜಿಟೆಕ್ ಜಿ29 ವೀಲ್ ಸಾಕಾ? 900 ಡಿಗ್ರಿ ಬಸ್ಸಿಗೆ ಕಮ್ಮಿ ಅಂತಾರೆ.

ಮೇಷ್ಟ್ರು: ಸಾಕು. ನಿಜವಾದ ಬಸ್ಸಿನಲ್ಲಿ ಸ್ಟೀರಿಂಗ್ ಜಾಸ್ತಿ ಸುತ್ತುತ್ತೆ, ನಿಜ. 1800 ಡಿಗ್ರಿ ಸುತ್ತುವ ವೀಲ್‌ಗಳೂ ಇವೆ. ಆದರೆ 900 ಅಂದರೆ ಎರಡೂವರೆ ಸುತ್ತು. ನಿಲ್ದಾಣದೊಳಗೆ ರಿವರ್ಸ್ ತಗೊಳ್ಳೋಕೂ ಸಾಲುತ್ತೆ.

ಹುಬ್ಬಳ್ಳಿ ಹ್ಯಾಂಡ್‌ಬ್ರೇಕ್: ಜಿ29 ಹಳೇ ಮಾಲು ಗುರು. 2015ರದ್ದು. ಒಳಗೆ ಗೇರ್, ಕಟಕಟ ಸದ್ದು. ಬೆಲ್ಟ್ ಇರೋ ಥ್ರಸ್ಟ್‌ಮಾಸ್ಟರ್ ಟಿ300 ತಗೋ.

ಟ್ರಕ್ ಪಾಪಣ್ಣ: ನಾನು ಮೇಷ್ಟ್ರನ್ನ ಕೇಳಿದ್ದು.

ಹುಬ್ಬಳ್ಳಿ ಹ್ಯಾಂಡ್‌ಬ್ರೇಕ್: ಹೇಳಿದ್ರ ಸಿಟ್ಟು ಯಾಕ್ರಿ?

ಪಿಟ್‌ಲೇನ್ ಪದ್ದು: ಪಿಸಿ, ಅಸೆಟ್ಟೊ ಕೊರ್ಸಾ ಕಾಂಪೆಟಿಝಿಯೋನೆ. ಡೈರೆಕ್ಟ್ ಡ್ರೈವ್‌ಗೆ ಹೋಗಬೇಕು ಅಂತಿದೆ. ಮೋಝಾ ಆರ್5 ಅಥವಾ ಫನಾಟೆಕ್ ಸಿಎಸ್‌ಎಲ್ ಡಿಡಿ. ಟಾರ್ಕ್, ಅಂದರೆ ತಿರುಗಿಸುವ ಬಲ, ಒಂದರದ್ದು 5.5 ನ್ಯೂಟನ್ ಮೀಟರ್, ಇನ್ನೊಂದರದ್ದು 5. ಅರ್ಧ ನ್ಯೂಟನ್ ಮೀಟರ್ ಕೈಗೆ ಗೊತ್ತಾಗುತ್ತಾ?

ಮೇಷ್ಟ್ರು: ಗೊತ್ತಾಗಲ್ಲ. ಎರಡರಲ್ಲೂ ವೀಲ್ ನೇರವಾಗಿ ಮೋಟಾರ್ ಶಾಫ್ಟ್‌ಗೇ ಕೂತಿರುತ್ತೆ. ಮಧ್ಯೆ ಗೇರೂ ಇಲ್ಲ, ಬೆಲ್ಟೂ ಇಲ್ಲ. ಜಿ29ರಿಂದ ಇದಕ್ಕೆ ಬಂದವರಿಗೆ ದೊಡ್ಡ ವ್ಯತ್ಯಾಸ ಸಿಗೋದೇ ಅಲ್ಲಿ. ಊರಲ್ಲಿ ಸರ್ವಿಸ್ ಯಾವುದಕ್ಕೆ ಸಿಗುತ್ತೋ ಅದನ್ನು ತಗೊಳ್ಳಿ.

ಎಲ್ಲರೂ ಟಾರ್ಕ್ ಕೇಳುತ್ತೀರಿ, ಬ್ರೇಕ್ ಬಗ್ಗೆ ಯಾರೂ ಕೇಳಲ್ಲ. ಅಗ್ಗದ ಪೆಡಲ್ ಅಳೆಯೋದು ಕಾಲು ಎಷ್ಟು ದೂರ ಹೋಯಿತು ಅನ್ನೋದನ್ನು. ಲೋಡ್ ಸೆಲ್ ಪೆಡಲ್ ಅಳೆಯೋದು ಎಷ್ಟು ಜೋರಾಗಿ ಒತ್ತಿದಿರಿ ಅನ್ನೋದನ್ನು. ಕಾಲಿಗೆ ದೂರ ನೆನಪಿರಲ್ಲ, ಒತ್ತಡ ನೆನಪಿರುತ್ತೆ. ಜಿಟಿ ಕಾರಲ್ಲಿ ಲ್ಯಾಪ್ ಟೈಮ್ ಇಳಿಯೋದು ಬ್ರೇಕ್ ಹದವಾಗಿ ಬಿಡೋದರಲ್ಲಿ. ವೀಲ್‌ನಲ್ಲಿ ಒಂದು ಮೆಟ್ಟಿಲು ಕೆಳಗಿಳಿದು, ಆ ದುಡ್ಡನ್ನು ಲೋಡ್ ಸೆಲ್‌ಗೆ ಹಾಕಿ. ಆಫೀಸ್ ಕುರ್ಚಿಯ ಚಕ್ರ ಮೊದಲು ತೆಗೆಸಿ. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಹಿಂದಕ್ಕೆ ಜಾರುತ್ತೀರಿ.

ಶಿರಸಿ ಶಿಫ್ಟರ್: ಜಿ29 ಚೆನ್ನಾಗಿದೆಯಾ ಸರ್?

ಮೇಷ್ಟ್ರು: ಪಿಸಿನಾ, ಕನ್ಸೋಲಾ?

ಶಿರಸಿ ಶಿಫ್ಟರ್: ಎಕ್ಸ್‌ಬಾಕ್ಸ್.

ಮೇಷ್ಟ್ರು: ಹಾಗಾದರೆ ಆಗಲ್ಲ. ಜಿ29 ಪ್ಲೇಸ್ಟೇಷನ್ ಮತ್ತು ಪಿಸಿಗೆ. ಜಿ920 ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ. ಜಿ923 ಎರಡು ಬೇರೆ ಬೇರೆ ಮಾದರಿಯಲ್ಲಿ ಬರುತ್ತೆ, ಬಾಕ್ಸ್ ಮೇಲೆ ಓದಿ. ಕನ್ಸೋಲ್ ಲೈಸೆನ್ಸ್ ಇರೋ ವೀಲನ್ನು ಮಾತ್ರ ಗುರುತಿಸುತ್ತೆ.

ಕರಾವಳಿ ಕಾರ್ನರ್: ಸೆಕೆಂಡ್ ಹ್ಯಾಂಡ್ ಜಿ27 ಒಂದು ಬಂದಿದೆ. ನೋಡೋಕೆ ಹೋಗುವಾಗ ಏನು ಪರೀಕ್ಷೆ ಮಾಡಲಿ?

ಮೇಷ್ಟ್ರು: ಲ್ಯಾಪ್‌ಟಾಪ್ ಒಯ್ಯಿರಿ. ಪವರ್ ಕೊಟ್ಟಾಗ ಅದೇ ಎರಡೂ ಕಡೆ ತಿರುಗಿ ಮಧ್ಯಕ್ಕೆ ನಿಲ್ಲಬೇಕು. ಆಮೇಲೆ ಹತ್ತು ನಿಮಿಷ ಗೇಮ್‌ನಲ್ಲಿ ಜೋರಾಗಿ ಓಡಿಸಿ. ಮಧ್ಯ ಅಂತ ಇದ್ದದ್ದು ಒಂದು ಕಡೆಗೆ ಸರಿದಿದ್ದರೆ ಮೋಟಾರ್ ಮೇಲಿನ ಎನ್‌ಕೋಡರ್ (ಎಷ್ಟು ತಿರುಗಿತು ಅಂತ ಎಣಿಸುವ) ಚಕ್ರ ಬಿರುಕು ಬಿಟ್ಟಿರುತ್ತೆ. ಆ ಮಾದರಿಯಲ್ಲಿ ಇದು ಮಾಮೂಲಿ. ಬೆಲೆ ಇಳಿಸಿ ಕೇಳಿ. ಪೆಡಲ್ ನಿಧಾನ ಒತ್ತಿ, ಪರದೆಯ ಮೇಲಿನ ಗೆರೆ ನಡುಗಬಾರದು.

ಟರ್ಬೊ ತಿಮ್ಮ: ಗೆರೆ ನಡುಗಿದರೆ ಡಬ್ಲ್ಯುಡಿ-40 ಹೊಡೀರಿ. ಗೇರ್ ಸದ್ದಿಗೆ ಕೊಬ್ಬರಿ ಎಣ್ಣೆ ಎರಡು ಹನಿ. ಇನ್ನೊಂದು ಗುಂಪಲ್ಲಿ ಬಂದಿತ್ತು, ಎಲ್ಲರಿಗೂ ಕೆಲಸ ಮಾಡಿದೆ.

ಮೇಷ್ಟ್ರು: ಎರಡೂ ಮಾಡಬೇಡಿ. ಪೆಡಲ್ ಒಳಗೆ ದೂರ ಅಳೆಯುವ ಪೊಟೆನ್ಶಿಯೊಮೀಟರ್‌ಗೆ ಎಣ್ಣೆ ಅಂಶ ಉಳಿಯದ ಕಾಂಟ್ಯಾಕ್ಟ್ ಕ್ಲೀನರ್ ಬೇಕು. ಬೆಂಗಳೂರಿನವರಿಗೆ ಎಸ್‌ಪಿ ರೋಡಲ್ಲಿ ಸಿಗುತ್ತೆ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತೆ, ಧೂಳು ಹಿಡಿಯುತ್ತೆ, ಆಮೇಲೆ ಅಂಟು. ಪ್ಲಾಸ್ಟಿಕ್ ಗೇರ್‌ಗೆ ಹೊಂದುವ ಗ್ರೀಸ್ ಬೇರೆಯೇ ಇದೆ. ತಲೆಗೆ ಹಚ್ಚೋದನ್ನು ತಲೆಗೇ ಹಚ್ಚಿ.

ಟರ್ಬೊ ತಿಮ್ಮ: ರಿಪೇರಿ ಬಿಸಿನೆಸ್ ಕಮ್ಮಿಯಾಗುತ್ತೆ ಅಂತ ಹೀಗಂತೀರಾ 😄

ಮೇಷ್ಟ್ರು: ನಿಮ್ಮ ಫಾರ್ವರ್ಡ್‌ನಿಂದ ನನ್ನ ಬಿಸಿನೆಸ್ ಜಾಸ್ತಿಯೇ ಆಗುತ್ತೆ.

ಬೆಣ್ಣೆದೋಸೆ ರೇಸರ್: ಸರ್, ದಾವಣಗೆರೆಯಿಂದ. ಸೆಕೆಂಡ್ ಹ್ಯಾಂಡ್‌ನಲ್ಲಿ 20 ನ್ಯೂಟನ್ ಮೀಟರ್ ಡೈರೆಕ್ಟ್ ಡ್ರೈವ್ ತಗೊಂಡೆ. ಯಾರೋ ಇಂಡಸ್ಟ್ರಿಯಲ್ ಸರ್ವೋ ಮೋಟಾರ್‌ನಿಂದ ಮನೆಯಲ್ಲೇ ಮಾಡಿದ್ದು. ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸಿದ್ದೇನೆ. ಸಮಸ್ಯೆ ಏನಂದರೆ ಆಗಾಗ ಯುಎಸ್‌ಬಿ ಕಟ್ ಆಗುತ್ತೆ. ನೇರ ರಸ್ತೆಯಲ್ಲಿ ಕೈ ಬಿಟ್ಟರೆ ವೀಲ್ ತಾನೇ ಆ ಕಡೆ ಈ ಕಡೆ ಹೊಡೆದುಕೊಳ್ಳುತ್ತೆ. ಸ್ಟ್ಯಾಂಡ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತೆ. ಮಗನಿಗೆ 9 ವರ್ಷ, ಅವನೇ ಜಾಸ್ತಿ ಆಡೋದು. ಯಾವ ಯುಎಸ್‌ಬಿ ಕೇಬಲ್ ತಗೊಳ್ಳಲಿ?

ಮೇಷ್ಟ್ರು: ಕೇಬಲ್ ವಿಷಯ ಆಮೇಲೆ. ಮೊದಲು ಪ್ಲಗ್ ತೆಗೆಯಿರಿ. ಈ ಉತ್ತರ ಓದಿ ಮುಗಿಸುವವರೆಗೂ ಮಗ ಅದರ ಹತ್ತಿರ ಹೋಗೋದು ಬೇಡ. ಮೂರು ಪ್ರಶ್ನೆ. ಸ್ವಿಚ್ ಬೋರ್ಡ್‌ನ ಮೇಲಿನ ದೊಡ್ಡ ತೂತಿನ ಹಿಂದೆ ನಿಜವಾಗಿ ಅರ್ಥ್ ವೈರ್ ಇದೆಯಾ? ಮನೆಯ ಮೇನ್ ಬೋರ್ಡ್‌ನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಟ್ ಮಾಡುವ ಸ್ವಿಚ್) ಇದೆಯಾ? ಮೋಟಾರ್ ನಿಲ್ಲಿಸುವ ಕೆಂಪು ಗುಂಡಿ ಕೊಟ್ಟಿದ್ದಾರಾ?

ಬೆಣ್ಣೆದೋಸೆ ರೇಸರ್: ಹಳೇ ಮನೆ ಸರ್. ಎರಡು ಪಿನ್ನಿನ ಬೋರ್ಡ್. ಕನ್ವರ್ಟರ್ ಪ್ಲಗ್ ಹಾಕಿದ್ದೇನೆ. ಕೆಂಪು ಗುಂಡಿ ಇಲ್ಲ.

ಮೇಷ್ಟ್ರು: ಸರಿ, ಬಿಡಿಸಿ ಹೇಳುತ್ತೇನೆ.

ಜುಮ್ ಅನ್ನೋದು. ಸರ್ವೋ ಪವರ್ ಸಪ್ಲೈ, ಪಿಸಿ ಸಪ್ಲೈ ಎರಡರಲ್ಲೂ ಮೇನ್ಸ್ ವೈರ್‌ಗಳಿಂದ ಲೋಹದ ಹೊರ ಬಾಡಿಯ ಕಡೆಗೆ ಸಣ್ಣ ಫಿಲ್ಟರ್ ಕೆಪಾಸಿಟರ್ ಇರುತ್ತೆ. ಅರ್ಥ್ ಇದ್ದರೆ ಆ ಚೂರು ಕರೆಂಟ್ ನೆಲಕ್ಕೆ ಹೋಗುತ್ತೆ. ಅರ್ಥ್ ಇಲ್ಲದಿದ್ದರೆ ಬಾಡಿ ಸುಮಾರು ಅರ್ಧ ಮೇನ್ಸ್‌ನಲ್ಲಿ ತೇಲುತ್ತೆ, ಅಂದರೆ 115 ವೋಲ್ಟ್ ಆಸುಪಾಸು. ಕರೆಂಟ್ ಬಹಳ ಕಮ್ಮಿ, ಹಾಗಾಗಿ ಜುಮ್ ಅಷ್ಟೇ. ಆದರೆ ಒಳಗೆ ಇನ್ಸುಲೇಶನ್ ಹೋಗಿ ಫೇಸ್ ವೈರ್ ತಾಗಿದ್ದರೂ ಮೊದಮೊದಲು ಹೀಗೇ ಅನ್ನಿಸಬಹುದು. ಟೆಸ್ಟರ್ ಎರಡಕ್ಕೂ ಉರಿಯುತ್ತೆ. ಜುಮ್ ನೋಡಿ ಯಾವುದು ಅಂತ ಹೇಳೋಕಾಗಲ್ಲ. ಮನೆಯಲ್ಲೇ ಜೋಡಿಸಿದ ಡಬ್ಬಿ ಬೇರೆ. ಬರಿಗಾಲಲ್ಲಿ, ಒದ್ದೆ ನೆಲದಲ್ಲಿ ಹುಡುಗ ಕೂತರೆ ಕತೆ ಬೇರೆ ಆಗುತ್ತೆ.

ಯುಎಸ್‌ಬಿ ಕಟ್ ಆಗೋದಕ್ಕೂ ಬಹುಪಾಲು ಇದೇ ಕಾರಣ. ಸರ್ವೋ ಡ್ರೈವ್ ಎಬ್ಬಿಸುವ ಗಲಾಟೆಗೆ ಅರ್ಥ್ ದಾರಿ ಇಲ್ಲದಿದ್ದರೆ ಅದು ಯುಎಸ್‌ಬಿ ಗ್ರೌಂಡ್ ಹಿಡಿದು ಪಿಸಿಗೆ ನುಗ್ಗುತ್ತೆ. ಎಷ್ಟು ಒಳ್ಳೆ ಕೇಬಲ್ ತಂದರೂ ಅಷ್ಟೇ.

ಇನ್ನು ಟಾರ್ಕ್. 30 ಸೆಂಟಿಮೀಟರ್ ಅಗಲದ ವೀಲ್ ಅಂದರೆ ಅಂಚು ಮಧ್ಯದಿಂದ 15 ಸೆಂಟಿಮೀಟರ್ ದೂರ. 20 ನ್ಯೂಟನ್ ಮೀಟರ್ ಅಲ್ಲಿ ಸುಮಾರು 13.5 ಕೆಜಿ ಎಳೆತ. ಜಿ29ರಲ್ಲಿ ಅದು ಒಂದೂವರೆ ಕೆಜಿ ಹತ್ತಿರ. ಗೇಮ್‌ನಲ್ಲಿ ಕಾರು ಗೋಡೆಗೆ ಗುದ್ದಿದ ಕ್ಷಣ ಆ 13.5 ಕೆಜಿ ಒಮ್ಮೆಲೇ ಒಂದು ಕಡೆಗೆ ಹೊಡೆಯುತ್ತೆ. ದೊಡ್ಡವರ ಹೆಬ್ಬೆರಳೇ ಉಳುಕುತ್ತೆ. 9 ವರ್ಷದ ಕೈಯನ್ನು ಅದರ ಮುಂದೆ ಇಡಬಾರದು. ಸಾಫ್ಟ್‌ವೇರ್‌ನಲ್ಲಿ ಇಳಿಸಿದರೂ, ಯುಎಸ್‌ಬಿ ಕಟ್ ಆಗುವ ಯಂತ್ರದ ಸಾಫ್ಟ್‌ವೇರ್ ಮಿತಿಯನ್ನು ನಾನು ನಂಬಲ್ಲ. ಅರ್ಥಿಂಗ್, ಆರ್‌ಸಿಸಿಬಿ, ಕೈಗೆಟಕುವ ಕೆಂಪು ಗುಂಡಿ, ಈ ಮೂರೂ ಆದಮೇಲೆ ನೀವು ಮಾತ್ರ ಆಡಿ. ಟಾರ್ಕ್ 20ರಿಂದ 6 ನ್ಯೂಟನ್ ಮೀಟರ್‌ಗೆ ಇಳಿಸಿ ಶುರು ಮಾಡಿ. ಹೆಬ್ಬೆರಳು ವೀಲ್ ಒಳಗೆ ಸಿಕ್ಕಿಸಬೇಡಿ. ಗುದ್ದುತ್ತೆ ಅನ್ನಿಸಿದಾಗ ಕೈ ಬಿಡಿ.

ವೀಲ್ ಹೊಡೆದುಕೊಳ್ಳೋದಕ್ಕೆ ಡ್ಯಾಂಪಿಂಗ್, ಅಂದರೆ ತಿರುಗುವಾಗಿನ ತಡೆ, ಸ್ವಲ್ಪ ಏರಿಸಬೇಕು. ಅದು ಕೊನೆಯ ಕೆಲಸ.

ಟರ್ಬೊ ತಿಮ್ಮ: ಇಷ್ಟೆಲ್ಲ ಯಾಕೆ? ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಲೂಪ್ ಮಾಡಿ, ಜುಮ್ ನಿಲ್ಲುತ್ತೆ. ಇಲ್ಲಾಂದ್ರೆ ರಬ್ಬರ್ ಚಪ್ಪಲಿ.

ಮೇಷ್ಟ್ರು: ಇದನ್ನು ಯಾರೂ ಮಾಡಬೇಡಿ. ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ) ವೈರ್ ಎಲ್ಲಾದರೂ ಸಡಿಲವಾದ ದಿನ ಇಡೀ 230 ವೋಲ್ಟ್ ಆ ಸ್ಟ್ಯಾಂಡ್ ಮೇಲೆ ಬರುತ್ತೆ. ಹಳೇ ಮನೆಯಲ್ಲಿ ಫೇಸ್, ನ್ಯೂಟ್ರಲ್ ಅದಲು ಬದಲಾಗಿದ್ದರೆ ಅವತ್ತೇ ಬರುತ್ತೆ. ಅಡ್ಮಿನ್, ದಯವಿಟ್ಟು ಆ ಕಾಮೆಂಟ್ ತೆಗೆಯಿರಿ.

ಟರ್ಬೊ ತಿಮ್ಮ: ನಮ್ಮ ಮನೇಲಿ ವರ್ಷಗಟ್ಟಲೆ ಹಂಗೇ ಇದೆ. ಏನೂ ಆಗಿಲ್ಲ.

ಹುಬ್ಬಳ್ಳಿ ಹ್ಯಾಂಡ್‌ಬ್ರೇಕ್: ಆದ ಮ್ಯಾಲೆ ಇಲ್ಲಿ ಬಂದು ಹೇಳಾಕ ಇರಂಗಿಲ್ಲ ತಮ್ಮಾ.

ಟರ್ಬೊ ತಿಮ್ಮ: ನೀನು ಮೊದಲು ಬೆಲ್ಟ್ ಮಾರೋದು ನಿಲ್ಲಿಸು.

ಟ್ರಕ್ ಪಾಪಣ್ಣ: ಕರೆಕ್ಟ್. ಬೆಲ್ಟ್ ಅಂತೆ.

ಹುಬ್ಬಳ್ಳಿ ಹ್ಯಾಂಡ್‌ಬ್ರೇಕ್: ನೀ ಎಲ್ಲಿಂದ ಬಂದ್ಯೋ ಮತ್ತ?

ಅಡ್ಮಿನ್: ಕಾಮೆಂಟ್ ತೆಗೆದಿದ್ದೇನೆ. ಜಗಳ ಬೇಡ.

ಡಬ್ಲಿನ್ ಕನ್ನಡಿಗ: ಊರಿಗೆ ಬರುವಾಗ ಸೂಟ್‌ಕೇಸ್‌ನಲ್ಲಿ ಮೋಝಾ ಆರ್9 ತಂದರೆ ಕಸ್ಟಮ್ಸ್‌ನವರು ಹಿಡಿಯುತ್ತಾರಾ? ಯಾರಾದರೂ ತಂದಿದ್ದೀರಾ?

ರ‍್ಯಾಲಿ ರಂಗ: ಜಿ29 ಅಡಾಪ್ಟರ್ ಸುಟ್ಟಿದೆ. ಲ್ಯಾಪ್‌ಟಾಪ್ ಚಾರ್ಜರ್ ಪಿನ್ ಕೂರುತ್ತೆ. ಹಾಕಬಹುದಾ?

ಮೇಷ್ಟ್ರು: ಬೇಡ. ಜಿ29ಕ್ಕೆ ಬೇಕಿರೋದು 24 ವೋಲ್ಟ್. ಪಿನ್ ಕೂತ ಮಾತ್ರಕ್ಕೆ ವೋಲ್ಟೇಜ್ ಕೂರಲ್ಲ.

ರ‍್ಯಾಲಿ ರಂಗ: 19.5 ಇದೆ. ಹತ್ತಿರ ಹತ್ತಿರ ಅಲ್ವಾ?

ಮೇಷ್ಟ್ರು: ಅಲ್ಲ.

ಕೋಲಾರ ಕ್ಲಚ್: ಜಿ29 ಈಗ ತಗೊಳ್ಳಬಹುದಾ ಸರ್? ಆಫರ್ ಇದೆ.

ಮೇಷ್ಟ್ರು: ಮೇಲೆ ಓದಿ.

ಪಿಟ್‌ಲೇನ್ ಪದ್ದು: ಗೇಮ್‌ನಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಗೇನ್ (ಬಲದ ಮಟ್ಟ) 100ಕ್ಕೆ ಇಟ್ಟರೆ ಒಳ್ಳೆಯದಾ?

ಮೇಷ್ಟ್ರು: ತಿರುವಿನಲ್ಲಿ ಸಿಗ್ನಲ್ ಮೀಟರ್ ಮೇಲಕ್ಕೆ ಹೋಗಿ ಅಂಟಿಕೊಂಡರೆ ಕ್ಲಿಪ್ಪಿಂಗ್ ಅಂತ. ಭಾರ ಇರುತ್ತೆ, ವಿವರ ಇರಲ್ಲ. ಅಂಟದ ಹಾಗೆ ಇಳಿಸಿ.

ಡಬ್ಲಿನ್ ಕನ್ನಡಿಗ: ಕಸ್ಟಮ್ಸ್ ವಿಷಯ ಯಾರಿಗಾದರೂ ಗೊತ್ತಾ?

ಬೆಣ್ಣೆದೋಸೆ ರೇಸರ್: ಸರ್, ಸಂಜೆ ಎಲೆಕ್ಟ್ರಿಷಿಯನ್ ಬಂದಿದ್ದರು. ಮೂರು ಪಿನ್ ಬೋರ್ಡ್ ಹಾಕಿದರು. ಈಗ ಜುಮ್ ಅನ್ನಲ್ಲ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮಗನಿಗೆ ಕೊಡಲಾ?

ಮೇಷ್ಟ್ರು: ಕೊಡಬೇಡಿ. ಅರ್ಧ ಗಂಟೆಯಲ್ಲಿ ಅರ್ಥ್ ಎಲ್ಲಿಂದ ತಂದರು? ಹೊಸ ಗುಂಡಿ ತೋಡಿದರಾ? ಮೇನ್ ಬೋರ್ಡ್‌ನಿಂದ ಹಸಿರು ವೈರ್ ಎಳೆದರಾ?

ಬೆಣ್ಣೆದೋಸೆ ರೇಸರ್: ಗುಂಡಿ ಇಲ್ಲ ಸರ್. ಬೋರ್ಡ್ ಒಳಗೇ ಏನೋ ಚಿಕ್ಕ ವೈರ್ ಹಾಕಿದರು.

ಮೇಷ್ಟ್ರು: ಅದೇ ತಿಮ್ಮ ಹೇಳಿದ್ದ ನ್ಯೂಟ್ರಲ್ ಲೂಪ್. ಈಗಲೇ ಪ್ಲಗ್ ತೆಗೆದು ಆ ಬೋರ್ಡ್ ಮೇಲೆ ಟೇಪ್ ಅಂಟಿಸಿ, ಫೋನ್ ಚಾರ್ಜರ್ ಕೂಡ ಹಾಕಬೇಡಿ. ಲೈಸೆನ್ಸ್ ಇರೋ ಬೇರೆಯವರನ್ನು ಕರೆಸಿ. ಅರ್ಥ್ ಗುಂಡಿ, ಅಲ್ಲಿಂದ ಮೇನ್ ಬೋರ್ಡ್‌ಗೆ ವೈರ್, 30 ಮಿಲಿ ಆಂಪ್ ಆರ್‌ಸಿಸಿಬಿ, ಆಮೇಲೆ ಈ ಬೋರ್ಡ್. ಫೇಸ್‌ಗೂ ಅರ್ಥ್‌ಗೂ ಮಧ್ಯೆ ಬಲ್ಬ್ ಹಿಡಿದು "ಉರಿಯಿತು ನೋಡಿ" ಅಂದರೆ ಒಪ್ಪಬೇಡಿ. ಲೂಪ್ ಇದ್ದರೂ ಅದು ಉರಿಯುತ್ತೆ. ಆರ್‌ಸಿಸಿಬಿ ಹಾಕಿದ ಮೇಲೆ ಹಾಗೆ ಬಲ್ಬ್ ಹಿಡಿದರೆ ಅದು ಟ್ರಿಪ್ ಆಗಬೇಕು. ಮೇನ್ ಆಫ್ ಮಾಡಿಸಿ, ಬೋರ್ಡ್ ಬಿಚ್ಚಿಸಿ, ಅರ್ಥ್ ಪಿನ್ನಿಗೆ ಬಂದ ವೈರ್ ಎಲ್ಲಿಗೆ ಹೋಗುತ್ತೆ ಅಂತ ನಿಮ್ಮ ಕಣ್ಣಲ್ಲಿ ನೋಡಿ. ಫೋಟೋ ಇಲ್ಲಿ ಹಾಕಿ.

ಕೋಲಾರ ಕ್ಲಚ್: ಸರ್ ಮೇಲೆ ಓದಿದೆ. ಎಕ್ಸ್‌ಬಾಕ್ಸ್‌ಗೆ ಜಿ29 ಆಗುತ್ತಾ?