4 ಟನ್ ಎಳೆಯೋ ಹಳೇ ಡೀಸೆಲ್ ಪಿಕಪ್‌ಗೆ ಯಾವ ಟರ್ಬೊ? ಹಾಕ್ಸಿದೋರು ಅನುಭವ ಹೇಳಿ

ನಮಸ್ಕಾರ ಎಲ್ಲರಿಗೂ. ನನ್ ಹತ್ರ 1997ರ ಡಾಜ್ ರಾಮ್ ಪಿಕಪ್ ಇದೆ, 5.9 ಲೀಟರ್ ಕಮಿನ್ಸ್ 12 ವಾಲ್ವ್ ಇಂಜಿನ್ನು, 5 ಗೇರ್ ಮ್ಯಾನ್ಯುಯಲ್, ಟರ್ಬೊ ಗಾಡಿ ಜೊತೆ ಬಂದಿದ್ದ ಹೋಲ್ಸೆಟ್ ಎಚ್‌ಎಕ್ಸ್35 ಅದೇ ಇದೆ. ವಾರಕ್ಕೆ ಎರಡ್ಮೂರು ಸಲ 4 ಟನ್ ಟ್ರೇಲರ್ ಎಳೀತೀನಿ. ಏರು ಬಂದ್ರೆ ಗಾಡಿಗೆ ದಮ್ಮೇ ಸಾಲಲ್ಲ, ಹಿಂದೆ ಕಪ್ಪು ಹೊಗೆ, ಬೂಸ್ಟ್ (ಟರ್ಬೊ ಇಂಜಿನ್ನಿಗೆ ತುಂಬೋ ಗಾಳಿ ಒತ್ತಡ) ಗೇಜು 17 ಪಿಎಸ್‌ಐ ದಾಟಲ್ಲ. ಪಂಪಲ್ಲಿ ಡೀಸೆಲ್ ಸ್ವಲ್ಪ ಏರ್ಸಿದೀನಿ. ಒಬ್ರು 62 ಎಂಎಂ (ಗಾಳಿ ಎಳೆಯೋ ಮುಂದಿನ ವೀಲ್ ಅಳತೆ) ಟರ್ಬೊ ಹಾಕು ಅಂತಾರೆ, ಇನ್ನೊಬ್ರು ಹಾಕೋದೇ ಆದ್ರೆ 66 ಹಾಕು ಅಂತಾರೆ. ನನಗೆ ರೇಸ್ ಬೇಡ, ಏರಲ್ಲಿ ಎಳೆದ್ರೆ ಸಾಕು, ಇಂಜಿನ್ ಉಳೀಬೇಕು. ಹಾಕ್ಸಿ ಓಡ್ಸಿದೋರು ದಯವಿಟ್ಟು ಹೇಳಿ.

*

ಅಣ್ಣಾ, ನಿಮ್ದೇ ಇಂಜಿನ್ನು ನನ್ ಹತ್ರ 11 ವರ್ಷದಿಂದ ಇದೆ, ಮೂರು ಟರ್ಬೊ ಹಾಕಿ ನೋಡಿದೀನಿ, ಅದ್ರಲ್ಲಿ ಒಂದು ದುಡುಕಿ ಹಾಕಿದ್ದು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ, ಬೇಜಾರ್ ಮಾಡ್ಕೋಬೇಡಿ.

17ಕ್ಕೆ ನಿಂತಿದೆ ಅಂದ್ರೆ ಮೊದ್ಲು ಗಾಳಿ ಎಲ್ಲಾದ್ರೂ ಸೋರ್ತಿದೆಯಾ ನೋಡಿ. ಡೀಸೆಲ್ ಏರ್ಸಿದ ಮೇಲೂ ಬೂಸ್ಟ್ ಏರ್ಲಿಲ್ಲ, ಹೊಗೆ ಮಾತ್ರ ಜಾಸ್ತಿ ಆಯ್ತು ಅಂದ್ರೆ ನನ್ ಅನುಮಾನ ಹೋಸ್ ಮೇಲೇ. ಏರ್ ಫಿಲ್ಟರ್ ಪೈಪ್ ಬಿಚ್ಚಿ, ಟರ್ಬೊ ಬಾಯಿಗೆ ಸರಿಯಾಗಿ ಕೂರೋ ಒಂದು ಕ್ಯಾಪಿಗೆ ಟೈರ್ ವಾಲ್ವ್ ಕೂರ್ಸಿ ಬಿಗಿಯಾಗಿ ಕ್ಲ್ಯಾಂಪ್ ಹಾಕಿ, ಕಂಪ್ರೆಸರಿಂದ ನಿಧಾನಕ್ಕೆ 15 ಪಿಎಸ್‌ಐ ತನಕ ಗಾಳಿ ಬಿಡಿ, ಆಮೇಲೆ ಇಂಟರ್‌ಕೂಲರ್ (ಟರ್ಬೊ ಬಿಟ್ಟ ಗಾಳೀನ ತಣ್ಣಗೆ ಮಾಡೋದು) ಹೋಸ್‌ಗಳ ಮೇಲೆ ಸೋಪಿನ ನೀರು ಸುರೀರಿ. ಕ್ಯಾಪ್ ಎದುರಿಗೆ ಮಾತ್ರ ನಿಲ್ಬೇಡಿ, ಹಾರಿದ್ರೆ ಮುಖಕ್ಕೇ ಬರುತ್ತೆ. ತೆರೆದಿರೋ ವಾಲ್ವಿಂದ ಒಳಗೆ ಹೋಗಿ ಬ್ರೀದರ್ (ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ದಾರಿ) ಕಡೆ ಸ್ವಲ್ಪ ಸುಯ್ ಅನ್ನೋದು ಸಹಜ, ಅದಕ್ಕೆ ಗಾಬರಿ ಬೇಡ. ನನ್ ಗಾಡೀಲಿ ಆಗಿದ್ದು ಏನಂದ್ರೆ ಇಂಟರ್‌ಕೂಲರ್ ಹೋಸಲ್ಲಿ ಕ್ಲ್ಯಾಂಪ್ ಅಂಚಿನ ಕೆಳಗೆ ಉಗುರಿನಷ್ಟು ಉದ್ದದ ಸೀಳು, ಸುಮ್ನೆ ನೋಡಿದ್ರೆ ಕಾಣ್ತಾನೇ ಇರ್ಲಿಲ್ಲ, ಗಾಳಿ ತುಂಬಿ ಹೋಸ್ ಉಬ್ಬಿದಾಗ ಮಾತ್ರ ಬಾಯಿ ಬಿಡ್ತಿತ್ತು. ಒಂದೇ ಗುರುತು ಇದ್ದಿದ್ದು, ಆ ಜಾಗದಲ್ಲಿ ಎಣ್ಣೆ ಜೊತೆ ಧೂಳು ಮೆತ್ಕೊಂಡು ಕರೀ ಗೆರೆ ಬಿದ್ದಿತ್ತು. ಅದನ್ನ ನೋಡದೇ ನಾನು ಟರ್ಬೊ ಬದಲಾಯ್ಸಿಬಿಟ್ಟಿದ್ದೆ.

ಹಂಗೇ ಮ್ಯಾನಿಫೋಲ್ಡಿಂದ ಪಂಪಿನ ಎಎಫ್‌ಸಿಗೆ (ಬೂಸ್ಟ್ ನೋಡ್ಕೊಂಡು ಡೀಸೆಲ್ ಏರ್ಸೋ ಭಾಗ) ಹೋಗೋ ಸಣ್ಣ ಪೈಪು, ವೇಸ್ಟ್‌ಗೇಟ್‌ಗೆ (ಬೂಸ್ಟ್ ಮಿತಿ ದಾಟದ ಹಾಗೆ ತಡೆಯೋ ವಾಲ್ವ್) ಹೋಗೋ ಪೈಪು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೇರೋ ಕಡೆ ಮಸಿ ಗುರುತು, ಎಲ್ಲಾ ಒಂದ್ಸಲ ನೋಡ್ಬಿಡಿ.

ಆಮೇಲೆ ಟರ್ಬೊ ಬಾಯಲ್ಲಿ ಬೆರಳಿಟ್ಟು ವೀಲ್ ಅಲ್ಲಾಡ್ಸಿ ನೋಡಿ, ಇಂಜಿನ್ ತಣ್ಣಗಿರ್ಬೇಕು, ಆಫ್ ಆಗಿರ್ಬೇಕು. ಅಡ್ಡಡ್ಡ ಸ್ವಲ್ಪ ಆಟ ಇದ್ದೇ ಇರುತ್ತೆ, ಯಾಕಂದ್ರೆ ಶಾಫ್ಟ್ ನಿಲ್ಲೋದೇ ಆಯಿಲ್ ಪದರದ ಮೇಲೆ, ಇಂಜಿನ್ ನಿಂತಾಗ ಆ ಪದರ ಇರಲ್ಲ. ಆದ್ರೆ ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗೋಷ್ಟು ಆಟ ಇದ್ರೆ, ಇಲ್ಲಾ ರೆಕ್ಕೆ ಹೌಸಿಂಗಿಗೆ ಉಜ್ಜಿದ ಗುರುತು ಇದ್ರೆ ಆ ಟರ್ಬೊ ಮುಗೀತು ಅಂತಾನೇ ಲೆಕ್ಕ.

ಈಗ ಸೈಜ್ ವಿಷ್ಯ. ನಾನು ದುಡುಕಿದ್ದು ಇಲ್ಲೇ. 66 ಎಂಎಂ ಹಾಕ್ಸಿದ್ದೆ, ಅದ್ರ ಟರ್ಬೈನ್ ಹೌಸಿಂಗೂ (ಎಕ್ಸಾಸ್ಟ್ ಗ್ಯಾಸ್ ಹಾಯೋ ಕಡೆಯ ಡಬ್ಬಿ) ದೊಡ್ಡದು. ಖಾಲಿ ಗಾಡಿ ಮೇಲೆ ಗೇಜು ಏರೋದು ನೋಡೋಕೆ ಚೆನ್ನಾಗಿತ್ತು. ಟ್ರೇಲರ್ ಕಟ್ಟಿದ ದಿನ ಗೊತ್ತಾಯ್ತು: 2000 ಆರ್‌ಪಿಎಂ ತನಕ ಬೂಸ್ಟೇ ಇಲ್ಲ, ಏರಲ್ಲಿ ಗೇರ್ ಹಾಕಿದ ತಕ್ಷಣ ಆರ್‌ಪಿಎಂ ಬಿದ್ದು ಟರ್ಬೊ ಮಲಗಿಬಿಡೋದು, ಗಾಳಿ ಇಲ್ಲ ಡೀಸೆಲ್ ಮಾತ್ರ ಸುರೀತಿದೆ, ಹಿಂದಿನ ಗಾಡಿಯವ್ರಿಗೆ ರೋಡೇ ಕಾಣದಷ್ಟು ಹೊಗೆ. ಈ ಇಂಜಿನ್ ಲೋಡ್ ಎಳೆಯೋದೇ ಹೆಚ್ಚುಕಮ್ಮಿ 1500ರಿಂದ 2500ರ ಒಳಗೆ, ಆ ಜಾಗದಲ್ಲಿ ಎಬ್ಬಿಸೋಕಾಗದ ಟರ್ಬೊ ಎಷ್ಟು ದೊಡ್ಡದಿದ್ರೆ ಏನ್ ಬಂತು. ಜನ ಮುಂದಿನ ವೀಲ್ ಸೈಜ್ ಒಂದೇ ಕೇಳ್ತಾರೆ, ಆದ್ರೆ ಎಳೆಯೋ ಗಾಡಿಗೆ ಟರ್ಬೈನ್ ಹೌಸಿಂಗ್ ಸೈಜೇ ಮುಖ್ಯ. ಹೋಲ್ಸೆಟಲ್ಲಿ ಅದನ್ನ ಚದರ ಸೆಂಟಿಮೀಟರಲ್ಲಿ ಬರೀತಾರೆ, ನಿಮ್ದರಲ್ಲಿ 12 ಇರುತ್ತೆ. ಸಂಖ್ಯೆ ಚಿಕ್ಕದಾದಷ್ಟೂ ಬೇಗ ಎದ್ದೇಳುತ್ತೆ, ತೀರಾ ಚಿಕ್ಕದಾದ್ರೆ ಮೇಲಿನ ಆರ್‌ಪಿಎಂನಲ್ಲಿ ಹೊಗೆ ಹೊರಗೆ ಹೋಗೋಕೆ ಜಾಗ ಸಾಲದೆ ಬಿಸಿ ಏರುತ್ತೆ.

ನಿಮಗೆ ನನ್ ಸಲಹೆ ಎರಡೇ. ಒಂದು, 2004ರಿಂದ 2007ರ ತನಕ ಇದೇ 5.9 ಇಂಜಿನ್ ಮೇಲೆ ಬಂದ ಹೋಲ್ಸೆಟ್ ಟರ್ಬೊ ಎಚ್‌ಇ351ಸಿಡಬ್ಲ್ಯೂ. ಹೌಸಿಂಗ್ 9 ಸೆಂಟಿಮೀಟರ್‌ದು, ಕೆಳಗಿನ ಆರ್‌ಪಿಎಂನಿಂದಲೇ ಎಳೆಯುತ್ತೆ, ನಾನು ಈಗ ಓಡ್ಸ್ತಿರೋದು ಅದೇ. ಸೈಲೆನ್ಸರ್ ಕಡೆ ಎಲ್ಬೋ, ಗಾಳಿ ಹೊರಗೆ ಬರೋ ಕಡೆ ಅಡಾಪ್ಟರ್, ಆಯಿಲ್ ಪೈಪು, ಇಷ್ಟು ಹೊಂದ್ಸ್ಕೋಬೇಕು. ಇನ್ನೊಂದು, ಬೋರ್ಗ್‌ವಾರ್ನರ್ ಕಂಪನೀದು 62 ಎಂಎಂ ಎಸ್300, ಆದ್ರೆ 14 ಸೆಂಟಿಮೀಟರ್ ಹೌಸಿಂಗಿಗೆ ಹೋಗ್ಬೇಡಿ, 12ಕ್ಕೇ ನಿಲ್ಲಿ.

ಏನ್ ಹಾಕಿದ್ರೂ ಇಜಿಟಿ ಗೇಜ್ ಹಾಕದೇ ಹಾಕ್ಬೇಡಿ, ಅಂದ್ರೆ ಇಂಜಿನ್ನಿಂದ ಹೊರಗೆ ಬರೋ ಗ್ಯಾಸಿನ ಬಿಸಿ ತೋರ್ಸೋದು. ಪ್ರೋಬ್ ಮ್ಯಾನಿಫೋಲ್ಡಲ್ಲೇ ಇರ್ಬೇಕು, ಟರ್ಬೊ ಆದ್ಮೇಲೆ ಹಾಕಿದ್ರೆ ಲೋಡಲ್ಲಿ 100 ಡಿಗ್ರಿಗಿಂತ ಜಾಸ್ತಿ ಕಮ್ಮಿ ತೋರ್ಸುತ್ತೆ, ನೀವು ನೆಮ್ಮದಿಯಾಗಿ ಇಂಜಿನ್ ಸುಡ್ತಾ ಇರ್ತೀರಾ. ಏರಲ್ಲಿ ಒಂದೇ ಸಮ ಎಳೆಯೋವಾಗ 700 ಡಿಗ್ರಿ ಸೆಲ್ಸಿಯಸ್ ಮುಟ್ತು ಅಂದ್ರೆ ಕಾಲು ತೆಗೀರಿ, ಗೇರ್ ಇಳ್ಸಿ. ಅಲ್ಯೂಮಿನಿಯಂ ಕರಗೋದೇ 660ಕ್ಕೆ, ಪಿಸ್ಟನ್ ಉಳಿದಿರೋದು ಕೆಳಗಿಂದ ಆಯಿಲ್ ಚಿಮ್ತಾ ತಣ್ಣಗೆ ಮಾಡ್ತಿರೋದ್ರಿಂದ. ಮ್ಯಾನಿಫೋಲ್ಡ್ ಗಾಡೀಲೇ ಇಟ್ಟು ತೂತು ಕೊರೀತೀರಾ ಅಂದ್ರೆ ಡ್ರಿಲ್ ಬಿಟ್ಟಿಗೂ ಟ್ಯಾಪಿಗೂ ದಪ್ಪಕ್ಕೆ ಗ್ರೀಸ್ ಹಚ್ಚಿ, ಘಳಿಗೆಗೊಮ್ಮೆ ತೆಗೆದು ಒರ್ಸಿ, ಕೊನೆಗೆ ಮ್ಯಾಗ್ನೆಟ್ ಆಡ್ಸಿ, ಒಂದು ಚೂರು ಒಳಗೆ ಬಿದ್ರೂ ನೇರ ಟರ್ಬೈನಿಗೇ ಹೋಗೋದು. ಟರ್ಬೊ ಬಿಚ್ಚಿದಾಗಲೇ ಕೊರೆದ್ರೆ ಇಷ್ಟು ಕಷ್ಟ ಇಲ್ಲ.

*

ಮೇಲೆ ಹೇಳಿರೋದು ಎಲ್ಲಾ ಸರಿ. ನಾನು ಟರ್ಬೊ ಒಂದೇ ವರ್ಷದಲ್ಲಿ ಎರಡ್ಸಲ ಕಳ್ಕೊಂಡೋನು, ಹಂಗಾಗಿ ಆಯಿಲ್ ಬಗ್ಗೆ ಹೇಳ್ತೀನಿ.

ಮೊದಲನೇದು ಹಳೇದಾಗಿ ಹೋಯ್ತು, ಸರಿ. ಹೊಸದು ಹಾಕ್ಸ್ದೆ, ಎರಡೇ ತಿಂಗಳಿಗೆ ಅದೂ ಹೋಯ್ತು. ಮಾಲು ಸರಿ ಇಲ್ಲ ಅಂತ ಎಲ್ರೂ ಹೇಳಿದ್ರು, ನಾನೂ ಹಂಗೇ ಅಂದ್ಕೊಂಡೆ. ಬಿಚ್ಚಿ ನೋಡಿದ್ರೆ ಆಯಿಲ್ ಒಳಗೆ ಬರೋ ಪೈಪಿನ ಗ್ಯಾಸ್ಕೆಟಿಗೆ ಫಿಟ್ ಮಾಡಿದೋರು ಸಿಲಿಕಾನ್ ಹಚ್ಚಿದ್ರು, ಅದು ಒಳಗೆ ಹಿಂಡ್ಕೊಂಡು ಬಂದು ತುಂಡಾಗಿ ತೂತಿಗೆ ಅರ್ಧ ಅಡ್ಡ ಕೂತಿತ್ತು, ಅಕ್ಕಿ ಕಾಳಿನಷ್ಟು. ಈ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ಸುತ್ತೋದು, ಆಯಿಲ್ ಕೆಲವು ಸೆಕೆಂಡ್ ಇಲ್ಲ ಅಂದ್ರೂ ಬೇರಿಂಗ್ ಹೋಯ್ತು ಅಂತಾನೇ. ದಯವಿಟ್ಟು ಆಯಿಲ್ ದಾರೀಲಿ ಸಿಲಿಕಾನ್ ಮುಟ್ಟಿಸ್ಬೇಡಿ, ಒಳಗೆ ಬರೋ ಪೈಪ್ ಹೊಸದೇ ಹಾಕಿ. ವಾಪಸ್ ಇಳಿಯೋ ಪೈಪು ದಪ್ಪಗಿರ್ಬೇಕು, ಎಷ್ಟಾಗುತ್ತೋ ಅಷ್ಟು ನೆಟ್ಟಗೆ ಕೆಳಗಿಳೀಬೇಕು, ಎಲ್ಲೂ ಬಗ್ಗಿ ಆಯಿಲ್ ನಿಲ್ಬಾರ್ದು, ಯಾಕಂದ್ರೆ ಅಲ್ಲಿ ಪಂಪ್ ಇಲ್ಲ, ಆಯಿಲ್ ತನ್ನ ಭಾರಕ್ಕೆ ತಾನೇ ಇಳೀಬೇಕು. ಅದು ನಿಂತ್ರೆ ಸೀಲ್ ದಾಟಿ ಇಂಟರ್‌ಕೂಲರಿಗೆ ಬರುತ್ತೆ. ಬ್ರೀದರ್ ಕಟ್ಟಿದ್ರೂ ಇದೇ ಕಥೆ.

ಇಂಟರ್‌ಕೂಲರಲ್ಲಿ ಆಯಿಲ್ ನಿಂತ್ರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ. ಪರಿಚಯದವ್ರ ಗಾಡಿ, ಟರ್ಬೊ ಸೀಲ್ ಹೋಗಿದ್ದು ಗೊತ್ತಿದ್ದೂ ಓಡ್ಸ್ತಿದ್ರು. ನಿಂತಲ್ಲೇ ಆರ್‌ಪಿಎಂ ತಾನಾಗೇ ಏರೋಕೆ ಶುರು ಆಯ್ತು, ಕಾಲು ತೆಗೆದ್ರೂ ಏರ್ತಿದೆ, ಕೀ ಆಫ್ ಮಾಡಿದ್ರೂ ಏರ್ತಿದೆ, ಬಿಳೀ ಹೊಗೆ ತುಂಬ್ಕೊಂಡು ಗಾಡಿನೇ ಕಾಣ್ತಿಲ್ಲ. ಇಂಜಿನ್ ತನ್ನ ಆಯಿಲನ್ನೇ ಕುಡಿದು ಓಡ್ತಿತ್ತು, ಡೀಸೆಲ್ ನಿಲ್ಸಿದ್ರೆ ಅದಕ್ಕೇನು. ಅವ್ರು ಟಾಪ್ ಗೇರ್ ಹಾಕಿ ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ರು, ನಡುಗಿ ನಿಂತ್ಕೊಳ್ತು. ಆಟೋಮ್ಯಾಟಿಕ್ ಆಗಿದ್ರೆ ಗಾಳಿ ದಾರಿಗೆ ಹಲಗೆ ಅಡ್ಡ ಇಡದೇ ಬೇರೆ ದಾರಿ ಇರ್ಲಿಲ್ಲ, ಕೈ ಅಂತೂ ಇಡ್ಲೇಬಾರ್ದು. ಹಳೇ ಟರ್ಬೊ ರೆಕ್ಕೆ ಮುರಿದಿದ್ರೆ, ಆಯಿಲ್ ಬಿಟ್ಟಿದ್ರೆ, ಇಂಟರ್‌ಕೂಲರ್ ಇಳ್ಸಿ ತೊಳೆದು ಒಣಗ್ಸಿ ಆಮೇಲೇ ಹೊಸದು ಹಾಕಿ. ಚೂರುಗಳು ಅದ್ರ ರೆಕ್ಕೆ ಒಳಗೆ ಸಿಕ್ಕೊಂಡಿದ್ರೆ ಬದಲಾಯ್ಸೋದೇ ಒಳ್ಳೇದು, ಅಲ್ಲಿಂದ ಮುಂದಿನ ನಿಲ್ದಾಣ ಸಿಲಿಂಡರ್ರೇ.

*

ಕ್ಲಚ್ ಬಗ್ಗೆ ಯಾರೂ ಹೇಳ್ಲಿಲ್ಲ. ಟರ್ಬೊ ಹಾಕಿದ ಖುಷೀಲಿ ನಾನು 4ನೇ ಗೇರಲ್ಲಿ ಪೂರ್ತಿ ಒತ್ತಿದೆ, ಆರ್‌ಪಿಎಂ ಏರ್ತು, ಗಾಡಿ ಏರ್ಲಿಲ್ಲ, ಸುಟ್ಟ ವಾಸನೆ. ಹಳೇ ಕ್ಲಚ್ಚು ಹಳೇ ಟಾರ್ಕಿಗೆ ಮಾಡಿದ್ದು. ಅದಕ್ಕೂ ದುಡ್ಡು ತೆಗೆದಿಟ್ಟು ಕೈ ಹಾಕಿ. ಬೂಸ್ಟ್ 35 ದಾಟಿಸೋ ಆಸೆ ಇದ್ರೆ ಹೆಡ್ ಬೋಲ್ಟ್ ಬದಲು ಸ್ಟಡ್ ಹಾಕ್ಸಿ, ಇಲ್ಲಾಂದ್ರೆ ಹೆಡ್ ಗ್ಯಾಸ್ಕೆಟ್ ಊದುತ್ತೆ. ನಿಮ್ ಕೆಲ್ಸಕ್ಕೆ 28–30 ಸಾಕು ಅಂತ ನನ್ ಅಭಿಪ್ರಾಯ. ವೇಸ್ಟ್‌ಗೇಟ್ ಪೈಪ್ ಕಿತ್ತು ಬೂಸ್ಟ್ ಏರ್ಸೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ. ಸಮುದ್ರ ಮಟ್ಟದಲ್ಲಿ ಹೊರಗಿನ ಒತ್ತಡ 14.7, 30 ಬೂಸ್ಟ್ ಅಂದ್ರೆ ಟರ್ಬೊ ಗಾಳೀನ ಸುಮಾರು 3 ಪಟ್ಟು ಒತ್ತುತ್ತೆ. ಅದೇ 1500 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡ 12ರ ಹತ್ರ ಇಳಿಯುತ್ತೆ, ಅದೇ 30 ಕೊಡೋಕೆ ಸುಮಾರು ಮೂರೂವರೆ ಪಟ್ಟು ಒತ್ಬೇಕು, ಶಾಫ್ಟ್ ಇನ್ನೂ ಜೋರಾಗಿ ಸುತ್ಬೇಕು. ಗೇಜಲ್ಲಿ ವ್ಯತ್ಯಾಸ ಕಾಣಲ್ಲ, ವೀಲ್ ಮಾತ್ರ ಒಂದಿನ ಸಿಡಿಯುತ್ತೆ.

ಇನ್ನೊಂದು, ಇದನ್ನ ಹೊಸ ಗಾಡಿಯವ್ರು ಓದ್ತಿದ್ರೆ: ನಿಮ್ಮದು ವೇರಿಯಬಲ್ ಟರ್ಬೊ ಆಗಿದ್ರೆ ಅದ್ರ ರೆಕ್ಕೆ ಇಸಿಯು (ಇಂಜಿನ್ ಕಂಪ್ಯೂಟರ್) ಆಡ್ಸೋದು, ಸುಮ್ನೆ ಬಿಚ್ಚಿ ಬೇರೆ ಹಾಕೋಕಾಗಲ್ಲ, ಟ್ಯೂನಿಂಗ್ ಬೇಕೇ ಬೇಕು. ಎಷ್ಟೋ ಸಲ ಮಸಿ ಕಟ್ಟಿ ರೆಕ್ಕೆ ಅಂಟ್ಕೊಂಡಿರುತ್ತೆ ಅಷ್ಟೇ, ಕ್ಲೀನ್ ಮಾಡಿದ್ರೆ ವಾಪಸ್ ಬರುತ್ತೆ. ಟರ್ಬೊ ಜೊತೆ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಕಿತ್ತಾಕೋಕೆ ಹೇಳೋರೂ ಇದಾರೆ, ಬಹಳ ಕಡೆ ಅದು ಕಾನೂನಿಗೆ ವಿರುದ್ಧ, ಬೇಡ.

*

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಗಾಳಿ ಟೆಸ್ಟ್ ಮಾಡ್ದೆ. ಇಂಟರ್‌ಕೂಲರ್ ಎಡಗಡೆ ಹೋಸಲ್ಲಿ ಗುಳ್ಳೆ ಬಂತು, ಕ್ಲ್ಯಾಂಪ್ ಸೊಟ್ಟ ಕೂತಿತ್ತು. ಸರಿ ಮಾಡಿ ಟ್ರೇಲರ್ ಕಟ್ಟಿ ಅದೇ ಏರು ಹತ್ತಿಸ್ದೆ, 17 ಇದ್ದಿದ್ದು 22 ಆಯ್ತು, ಹೊಗೆ ಅರ್ಧಕ್ಕರ್ಧ ಇಳೀತು. ಆದ್ರೆ ವೀಲ್ ನೋಡಿದ್ರೆ ಮೂರು ರೆಕ್ಕೆ ತುದಿ ಕಚ್ಚಿ ಹೋಗಿದೆ, ಹಿಂದೆ ಮುಂದೆ ಆಟಾನೂ ಇದೆ. ಬದಲಾಯ್ಸ್ಲೇಬೇಕು, 351 ಹಾಕೋಣ ಅಂತ ಗಟ್ಟಿ ಮಾಡಿದೀನಿ. ಮೊದಲ ಸಲ ಸ್ಟಾರ್ಟ್ ಮಾಡೋವಾಗ ಏನ್ ನೋಡ್ಕೋಬೇಕು?

*

ಒಳ್ಳೇ ಕೆಲ್ಸ ಮಾಡಿದ್ರಿ ಅಣ್ಣಾ. ರೆಕ್ಕೆ ಕಚ್ಚಿದೆ ಅಂದ್ರೆ ಧೂಳೋ ಕಲ್ಲೋ ಒಳಗೆ ಹೋಗಿದೆ, ಏರ್ ಫಿಲ್ಟರ್ ಡಬ್ಬಿ ಸರಿ ಮುಚ್ತಿದೆಯಾ ನೋಡಿ, ಇಲ್ಲಾಂದ್ರೆ ಹೊಸದಕ್ಕೂ ಅದೇ ಗತಿ.

ಬಿಚ್ಚೋ ಹಿಂದಿನ ದಿನವೇ ಸ್ಟಡ್‌ಗಳಿಗೆ ತುಕ್ಕು ಬಿಡ್ಸೋ ಎಣ್ಣೆ ಹೊಡೆದು ಬಿಡಿ, ಬಲವಂತ ಮಾಡಿದ್ರೆ ಕಟ್ ಆಗುತ್ತೆ, ಆಮೇಲೆ ಅರ್ಧ ದಿನ ಅದಕ್ಕೇ ಹೋಗುತ್ತೆ. ಹಾಕೋವಾಗ ಆಂಟಿ ಸೀಜ್ (ನಟ್ಟು ಅಂಟ್ಕೊಳ್ದೇ ಇರೋಕೆ ಹಚ್ಚೋ ಪೇಸ್ಟ್) ಹಚ್ಚಿ. ಕೂರ್ಸೋಕೆ ಮುಂಚೆ ಆಯಿಲ್ ತೂತಲ್ಲಿ ಹೊಸ ಇಂಜಿನ್ ಆಯಿಲ್ ಸುರಿದು ವೀಲ್ ಕೈಯಲ್ಲಿ ಸುತ್ತಿಸಿ, ಮತ್ತೆ ಸುರೀರಿ. ಆಯಿಲ್ಲೂ ಫಿಲ್ಟರ್ರೂ ಹೊಸದೇ ಇರ್ಲಿ. ಪೈಪೆಲ್ಲಾ ಹಾಕಿದ ಮೇಲೆ ಪಂಪಿನ ಫ್ಯುಯೆಲ್ ಸೊಲೆನಾಯ್ಡ್ ಕನೆಕ್ಟರ್ ಬಿಚ್ಚಿಟ್ಟು ಸೆಲ್ಫ್ ಹೊಡೀರಿ, ಹತ್ತು ಸೆಕೆಂಡು ಹೊಡೆದು ಸ್ವಲ್ಪ ಬಿಟ್ಟು ಮತ್ತೆ, ಆಯಿಲ್ ಪ್ರೆಶರ್ ಮುಳ್ಳು ಎದ್ದೇಳೋ ತನಕ. ಆಮೇಲೆ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೇ ಮೂರು ನಿಮಿಷ ಐಡಲಲ್ಲಿ ಬಿಡಿ, ಅಷ್ಟರಲ್ಲಿ ಟಾರ್ಚ್ ಹಿಡ್ಕೊಂಡು ಆಯಿಲ್ ಪೈಪಿನ ಎರಡೂ ತುದಿ ನೋಡಿ. ಶುರೂಲಿ ಸ್ವಲ್ಪ ಹೊಗೆ ಬಂದ್ರೆ ಅದು ಹಚ್ಚಿದ ಎಣ್ಣೆ ಸುಡೋದು.

ಮೊದಲ ಓಟ ಖಾಲಿ ಗಾಡೀಲೇ ಮಾಡಿ. ಒತ್ತಿದ ತಕ್ಷಣ ಕಪ್ಪು ಹೊಗೆ ಬರ್ತಿದ್ರೆ ಎಎಫ್‌ಸಿ ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿ, ಬೂಸ್ಟ್ ಬಂದ ಮೇಲೇ ಡೀಸೆಲ್ ಏರುತ್ತೆ. ವಾಪಸ್ ಬಂದು ತಣ್ಣಗಾದ ಮೇಲೆ ಕ್ಲ್ಯಾಂಪೂ ನಟ್ಟೂ ಎಲ್ಲಾ ಇನ್ನೊಂದ್ಸಲ ಬಿಗಿ ನೋಡಿ. ಲೋಡ್ ಹತ್ತಿಸಿ ನಿಲ್ಸಿದಾಗ ಇಜಿಟಿ 200ಕ್ಕಿಂತ ಕೆಳಗೆ ಇಳಿಯೋ ತನಕ ಇಂಜಿನ್ ಆಫ್ ಮಾಡ್ಬೇಡಿ, ಕಾದ ಬೇರಿಂಗಲ್ಲಿ ಆಯಿಲ್ ನಿಂತ್ರೆ ಅಲ್ಲೇ ಕರಿಕಾಗುತ್ತೆ. ಟ್ರೇಲರ್ ಕಟ್ಟಿ ಅದೇ ಏರು ಹತ್ತಿಸಿದ ದಿನ ಬೂಸ್ಟೂ ಇಜಿಟಿಯೂ ಎಷ್ಟೆಷ್ಟು ಬಂತು ಅಂತ ಇಲ್ಲಿ ಬರೀರಿ, ಇದೇ ಇಂಜಿನ್ ಇರೋರಿಗೆ ಲೆಕ್ಕ ಸಿಗುತ್ತೆ.